108ರಿಂದ 999ಕ್ಕೆ

ಆಂಬ್ಯುಲೆನ್ಸ್ ಕೆಲಸವನ್ನೇ ವಿದೇಶದಲ್ಲಿ ಮುಂದುವರಿಸಬೇಕೆಂದಿರುವ ಹುಡುಗ ಹುಡುಗಿಯರು ಪಾಠ ಮುಗಿದ ಮೇಲೆ ಬಂದು ಕೇಳುವುದು ಹೆಚ್ಚುಕಡಿಮೆ ಒಂದೇ: "ಸಾರ್, ಯಾವ ದೇಶದಲ್ಲಿ ಸಂಬಳ ಜಾಸ್ತಿ?" ಕೇಳಬಾರದ ಪ್ರಶ್ನೆಯೇನಲ್ಲ. ಮನೆ ಸಾಲ, ತಂಗಿಯ ಮದುವೆ, ಎಲ್ಲ ಇರುತ್ತದೆ. ಆದರೆ ಅದಕ್ಕೆ ಉತ್ತರ ಸಿಗಬೇಕಾದರೆ ಇನ್ನೊಂದು ಪ್ರಶ್ನೆ ಮೊದಲು ಬಗೆಹರಿಯಬೇಕು. ಆ ದೇಶ ನಿಮ್ಮನ್ನು ಏನೆಂದು ದಾಖಲಿಸಿಕೊಳ್ಳುತ್ತದೆ? ಪ್ಯಾರಾಮೆಡಿಕ್ ಎಂದೋ, ಇಎಂಟಿ (ತುರ್ತು ವೈದ್ಯಕೀಯ ತಂತ್ರಜ್ಞ) ಎಂದೋ, ಅವರ ಕೈಕೆಳಗಿನ ಸಹಾಯಕ ಎಂದೋ? ಎಷ್ಟು ಸಂಬಳ, ಯಾವ ವೀಸಾ, ಯಾವ ಔಷಧಿ ಕೊಡಲು ಅನುಮತಿ ಎಂಬುದೆಲ್ಲ ಅದರ ಮೇಲೆ ನಿಂತಿದೆ.

ಮೊದಲು ನಮ್ಮ ಕಡೆಯ ಸ್ಥಿತಿ ನೋಡೋಣ. ಕರ್ನಾಟಕದಲ್ಲಿ 108 ಆರೋಗ್ಯ ಕವಚ ಆಂಬ್ಯುಲೆನ್ಸ್ ಸೇವೆ ಶುರುವಾದದ್ದು 2008ರ ನವೆಂಬರ್ 1ರಂದು. ಗಾಡಿಯಲ್ಲಿ ಇಬ್ಬರು: ಹಿಂದೆ ರೋಗಿಯ ಜೊತೆ ಇಎಂಟಿ, ಮುಂದೆ ಪೈಲಟ್, ಅಂದರೆ ಚಾಲಕ. ಇಎಂಟಿಗಳಾಗಿ ಬಂದವರ ಓದು ಮಾತ್ರ ಒಂದೇ ತೆರನಾದುದಲ್ಲ. ನರ್ಸಿಂಗ್ ಮುಗಿಸಿ ಬಂದವರಿದ್ದಾರೆ, ಬೇರೆ ಪದವಿಯ ಮೇಲೆ ಅಲ್ಪಾವಧಿಯ ತರಬೇತಿ ಪಡೆದವರಿದ್ದಾರೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿಎಸ್ಸಿ ಎಮರ್ಜೆನ್ಸಿ ಅಂಡ್ ಟ್ರಾಮಾ ಕೇರ್ ಟೆಕ್ನಾಲಜಿ ಓದಿದವರು ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಸಿಗುತ್ತಾರೆ. ಇಲ್ಲಿ ಇವರೆಲ್ಲ ಒಂದೇ ಸ್ಟ್ರೆಚರ್ ಎತ್ತಬಹುದು. ವಿದೇಶದ ನೋಂದಣಿ ಕಚೇರಿ ಮಾತ್ರ ಇವರನ್ನು ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸುತ್ತದೆ. ಕೆಲವೇ ವಾರಗಳ ತರಬೇತಿಯ ಸರ್ಟಿಫಿಕೇಟಿನ ಮೇಲೆ ಬ್ರಿಟನ್ನಿನಲ್ಲೋ ಆಸ್ಟ್ರೇಲಿಯಾದಲ್ಲೋ ಪ್ಯಾರಾಮೆಡಿಕ್ ಆಗುತ್ತೇನೆ ಅಂದುಕೊಂಡಿದ್ದರೆ ಆ ಆಸೆಯನ್ನು ಇಲ್ಲೇ ಬಿಡುವುದು ಒಳ್ಳೆಯದು. ಹತ್ತು ವರ್ಷ ಗಾಡಿಯಲ್ಲಿ ದುಡಿದಿದ್ದರೂ ಅಷ್ಟೇ. ನರ್ಸಿಂಗ್ ಓದಿದವರಿಗೆ ನಾನು ಹೇಳುವುದು: ನರ್ಸ್ ಆಗಿಯೇ ಹೋಗಿ, ಅಲ್ಲಿ ಕಾಲೂರಿದ ಮೇಲೆ ಆಂಬ್ಯುಲೆನ್ಸ್ ಕಡೆಗೆ ತಿರುಗಲು ದಾರಿ ಇದೆಯೇ ನೋಡಿ. ಬಳಸು ದಾರಿ ಅನ್ನಿಸಬಹುದು. ಬಹಳ ಮಂದಿಗೆ ಅದೇ ಹತ್ತಿರದ್ದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಓದಿನ ವರ್ಷಗಳನ್ನು ವಿದೇಶದವರು ಅಷ್ಟು ಬಿಗಿಯಾಗಿ ಎಣಿಸುವುದೇಕೆ? ಎದೆನೋವಿನ ರೋಗಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ವಯಸ್ಸು ಐವತ್ತೈದು, ಬೆವರು, ಎಡಗೈಗೆ ಹಬ್ಬುವ ನೋವು. ಇಲ್ಲಿ 108ರ ಇಎಂಟಿ ನಾಡಿ, ಬಿಪಿ, ಆಕ್ಸಿಜನ್ ಪ್ರಮಾಣ ನೋಡಿ, ಔಷಧಿ ಕೊಡಬೇಕಿದ್ದರೆ ಕಾಲ್ ಸೆಂಟರ್‌ನಲ್ಲಿ ಕೂತಿರುವ ಇಆರ್‌ಸಿಪಿಗೆ, ಅಂದರೆ ಫೋನಿನಲ್ಲಿ ಸಲಹೆ ಕೊಡುವ ವೈದ್ಯರಿಗೆ, ಫೋನ್ ಮಾಡುತ್ತಾರೆ. ಯಾವ ಆಸ್ಪತ್ರೆಗೆ ಎಂಬ ಪ್ರಶ್ನೆಯಲ್ಲಿ ಮನೆಯವರದೂ ಒಂದು ಮಾತು ಇರುತ್ತದೆ. ಅದೇ ರೋಗಿ ಬ್ರಿಟನ್ನಿನ ಒಂದು ಊರಿನಲ್ಲಿದ್ದು, ಅಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆ ಹೋದರೆ ಪ್ಯಾರಾಮೆಡಿಕ್ ಹನ್ನೆರಡು ಲೀಡಿನ ಇಸಿಜಿ ತೆಗೆದು ತಾವೇ ಓದುತ್ತಾರೆ, 300 ಮಿಲಿಗ್ರಾಂ ಆಸ್ಪಿರಿನ್ ಅಗಿಯಲು ಕೊಡುತ್ತಾರೆ, ಬಿಪಿ ನೋಡಿಕೊಂಡು ನಾಲಿಗೆ ಕೆಳಗೆ ಸ್ಪ್ರೇ ಹೊಡೆಯುತ್ತಾರೆ, ನೋವು ತಡೆಯದಿದ್ದರೆ ಮಾರ್ಫಿನ್ ಕೊಡುವುದಕ್ಕೂ ಕಾನೂನು ಅವರಿಗೆ ಅವಕಾಶ ಕೊಟ್ಟಿದೆ. ಇಸಿಜಿಯಲ್ಲಿ ಎಸ್‌ಟಿ ಭಾಗ ಮೇಲೆದ್ದು ಹೃದಯಾಘಾತ ಖಚಿತವೆನಿಸಿದರೆ ಹತ್ತಿರದ ಆಸ್ಪತ್ರೆಯನ್ನು ದಾಟಿ, ಆಂಜಿಯೋಪ್ಲಾಸ್ಟಿ ಮಾಡುವ ಕೇಂದ್ರಕ್ಕೆ ನೇರವಾಗಿ ಒಯ್ಯುತ್ತಾರೆ. ಬೇಕಾದರೆ ಫೋನಿನಲ್ಲಿ ಸಲಹೆ ಸಿಗುತ್ತದೆ. ಆದರೆ ಯೋಚಿಸಿ ತೀರ್ಮಾನಿಸುವವರು ಅವರೇ, ತಪ್ಪಾದರೆ ಉತ್ತರ ಕೊಡಬೇಕಾದವರೂ ಅವರೇ.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ನಮ್ಮಲ್ಲಿ ಗಾಡಿ ಬಂತೆಂದರೆ ಸಾಮಾನ್ಯವಾಗಿ ರೋಗಿ ಆಸ್ಪತ್ರೆಗೆ ಹೋಗಲೇಬೇಕು. ಅಲ್ಲಿ ಹಾಗಲ್ಲ. ಎಂಬತ್ತೈದರ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ, ಎಲ್ಲೂ ಮುರಿದಂತಿಲ್ಲ, ಎದ್ದು ನಡೆಯುತ್ತಾರೆ. ಅವರನ್ನು ಪರೀಕ್ಷಿಸಿ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆಯೇ ಕೇಳಿ, ಮನೆಯಲ್ಲೇ ಬಿಟ್ಟು, ಅವರ ಜಿಪಿಗೆ, ಅಂದರೆ ಕುಟುಂಬ ವೈದ್ಯರಿಗೆ, ತಿಳಿಸಿ ಹೊರಡುವುದೂ ಚಿಕಿತ್ಸೆಯೇ. ಬಿಟ್ಟುಬರುವುದು ಕರೆದೊಯ್ಯುವುದಕ್ಕಿಂತ ಹೆಚ್ಚು ಓದನ್ನು ಬೇಡುತ್ತದೆ. ಇನ್ನು ರೋಗಿಯೇ "ನಾನು ಬರುವುದಿಲ್ಲ" ಎಂದರೆ? ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಮೆಂಟಲ್ ಕೆಪಾಸಿಟಿ ಕಾಯ್ದೆಯ ಪ್ರಕಾರ, ವಿಷಯ ತಿಳಿದು ನಿರ್ಧರಿಸುವ ಶಕ್ತಿ ಇರುವ ವಯಸ್ಕರು ತಮ್ಮ ಪ್ರಾಣಕ್ಕೆ ಅಪಾಯವಿದ್ದರೂ ಚಿಕಿತ್ಸೆ ಬೇಡವೆನ್ನಬಹುದು. ಆ ಶಕ್ತಿ ಇದೆಯೋ ಇಲ್ಲವೋ ಎಂದು ಸ್ಥಳದಲ್ಲೇ ಅಳೆದು ಬರೆದಿಡಬೇಕು. ಮಗ ಬಂದು "ನಾನು ಹೇಳ್ತಿದೀನಿ, ಎತ್ಕೊಂಡು ಹೋಗಿ" ಎಂದರೆ ಅಲ್ಲಿ ಅದು ಸಾಕಾಗದು. ಹೃದಯ ನಿಂತರೆ ಸಿಪಿಆರ್ ಬೇಡ ಎಂದು ವೈದ್ಯರು ಸಹಿ ಮಾಡಿಟ್ಟ ಹಾಳೆ ಕೆಲವರ ಮನೆಯಲ್ಲಿರುತ್ತದೆ. ಅದನ್ನು ಹುಡುಕಿ ಓದಿ ಪಾಲಿಸಬೇಕು. ಎದೆಯೊತ್ತುವುದನ್ನೇ ಕಲಿತ ಕೈಗಳಿಗೆ ಇದು ಸುಲಭವಲ್ಲ. ನನ್ನ ಮಟ್ಟಿಗೆ, ವಿದೇಶಕ್ಕೆ ಹೊರಡುವವರು ಹೊಸದಾಗಿ ಕಲಿಯಬೇಕಾದದ್ದರಲ್ಲಿ ಸೂಜಿ, ಕೊಳವೆಗಳ ಕೆಲಸಕ್ಕಿಂತ ಇದೇ ದೊಡ್ಡದು.

ಹಾಗೆಂದು ಕೀಳರಿಮೆ ಬೇಡ. ಓಡುವ ಗಾಡಿಯಲ್ಲಿ ಹೆರಿಗೆ ಮಾಡಿಸಿದ, ಹಾವು ಕಚ್ಚಿದವರನ್ನು ಉಸಿರು ನಿಲ್ಲುವ ಮೊದಲು ತಲುಪಿಸಿದ, ಕೀಟನಾಶಕ ಕುಡಿದವರ ಬಾಯಲ್ಲಿ ನೊರೆ ಬರುತ್ತಿರುವಾಗ ಉಸಿರಿನ ದಾರಿ ಕಾಪಾಡಿದ ಅನುಭವ ನಮ್ಮವರಲ್ಲಿರುವಷ್ಟು ಲಂಡನ್ನಿನ ಅನೇಕ ಪ್ಯಾರಾಮೆಡಿಕ್‌ಗಳಲ್ಲಿ ಇರುವುದಿಲ್ಲ. ಸಂದರ್ಶನದಲ್ಲಿ ಇದನ್ನು ಸಂಕೋಚವಿಲ್ಲದೆ ಹೇಳಿ.

ದೇಶಗಳ ಮಾತಿಗೆ ಬಂದರೆ, ನಮ್ಮವರಲ್ಲಿ ಹೆಚ್ಚಿನವರಿಗೆ ಮೊದಲು ಎಟುಕುವುದು ಕೊಲ್ಲಿ ದೇಶಗಳು. ದುಬೈಗೆ ದುಬೈ ಹೆಲ್ತ್ ಅಥಾರಿಟಿ, ಅಬುಧಾಬಿಗೆ ಅಲ್ಲಿನ ಆರೋಗ್ಯ ಇಲಾಖೆ, ಸೌದಿಗೆ ಸೌದಿ ಕಮಿಷನ್ ಫಾರ್ ಹೆಲ್ತ್ ಸ್ಪೆಷಾಲಿಟೀಸ್, ಹೀಗೆ ಲೈಸೆನ್ಸ್ ಕೊಡುವವರು ಬೇರೆ ಬೇರೆ. ಕ್ರಮ ಮಾತ್ರ ಹೆಚ್ಚುಕಡಿಮೆ ಒಂದೇ: ಅರ್ಹತೆಯ ಪರಿಶೀಲನೆ, ಡೇಟಾಫ್ಲೋ ಎಂಬ ದಾಖಲೆ ಪರಿಶೀಲನೆ, ಪ್ರೊಮೆಟ್ರಿಕ್‌ನಂಥ ಪರೀಕ್ಷಾ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಬಹು ಆಯ್ಕೆಯ ಪರೀಕ್ಷೆ. ಯುಎಇಗೆ ಹೋಗುವವರು ಪಿಕ್ಯುಆರ್ ಎಂದು ಕರೆಯುವ ಅರ್ಹತೆಗಳ ಪುಸ್ತಕವನ್ನು ಇಳಿಸಿಕೊಂಡು, ಯಾವ ಓದಿಗೆ ಮತ್ತು ಎಷ್ಟು ವರ್ಷದ ಅನುಭವಕ್ಕೆ ಯಾವ ಹುದ್ದೆ ಎಂಬ ಪುಟವನ್ನು ಏಜೆಂಟರ ಬಾಯಿಂದ ಕೇಳುವ ಬದಲು ತಾವೇ ಓದಬೇಕು. ಕೆಲಸದಲ್ಲಿ ಅರಬ್ಬಿ ಸ್ವಲ್ಪ ಬೇಕು. ಆದರೆ ದುಬೈ, ದೋಹಾಗಳಲ್ಲಿ ಸ್ಟ್ರೆಚರ್ ಮೇಲೆ ಮಲಗಿರುವವರು ಎಷ್ಟೋ ಸಲ ಕಟ್ಟಡ ಕಾರ್ಮಿಕರು: ಹಿಂದಿ, ಉರ್ದು, ಮಲಯಾಳಂ, ನೇಪಾಳಿ ಮಾತಾಡುವವರು. ಮಂಗಳೂರು, ಉಡುಪಿ ಕಡೆಯವರಾದರೆ ತುಳುವೋ ಬ್ಯಾರಿಯೋ ಆಡುವ ರೋಗಿಯೂ ಸಿಕ್ಕಾರು. ನಾಲ್ಕು ಭಾಷೆ ಬರುವುದನ್ನು ಅರ್ಜಿಯಲ್ಲಿ ಬರೆಯಲು ಮರೆಯುವವರೇ ಹೆಚ್ಚು.

ಬ್ರಿಟನ್ನಿನಲ್ಲಿ ಪ್ಯಾರಾಮೆಡಿಕ್ ಎಂದು ಕರೆದುಕೊಳ್ಳಲು ಎಚ್‌ಸಿಪಿಸಿ ಎಂಬ ಪರಿಷತ್ತಿನ ಪಟ್ಟಿಯಲ್ಲಿ ಹೆಸರಿರಬೇಕು. ಇಲ್ಲದೆ ಆ ಹೆಸರು ಬಳಸುವುದೇ ಅಪರಾಧ. ನಮ್ಮಲ್ಲಿ ಲ್ಯಾಬ್, ಎಕ್ಸ್‌ರೇ ಕೋರ್ಸುಗಳನ್ನೂ ಪ್ಯಾರಾಮೆಡಿಕಲ್ ಎನ್ನುತ್ತೇವಲ್ಲ, ಆ ಸರ್ಟಿಫಿಕೇಟುಗಳಿಗೂ ಈ ಪಟ್ಟಿಯ ಪ್ಯಾರಾಮೆಡಿಕ್ ವಿಭಾಗಕ್ಕೂ ಸಂಬಂಧವಿಲ್ಲ. 2021ರ ನಂತರ ಅಲ್ಲಿ ಹೊಸಬರಿಗೆ ಪದವಿ ಮಟ್ಟದ ಓದೇ ಕನಿಷ್ಠ. ನಿಮ್ಮ ಅರ್ಜಿ ಹೋದಾಗ ಇಬ್ಬರು ಪರಿಶೀಲಕರು ಕೂತು ನಿಮ್ಮ ಪಠ್ಯಕ್ರಮ, ಕ್ಲಿನಿಕಲ್ ಗಂಟೆಗಳು, ಅನುಭವವನ್ನು ತಮ್ಮ ಮಾನದಂಡಗಳ ಪಕ್ಕ ಇಟ್ಟು ನೋಡುತ್ತಾರೆ. ಕೊರತೆ ಕಂಡರೆ ಪರೀಕ್ಷೆಗೆ ಕೂರಿಸಬಹುದು, ಇಲ್ಲವೇ ಅಲ್ಲೇ ಮೇಲ್ವಿಚಾರಣೆಯಲ್ಲಿ ಕೆಲಕಾಲ ಕೆಲಸ ಮಾಡಿ ಕೊರತೆ ತುಂಬಿಕೊಳ್ಳಲು ಹೇಳಬಹುದು. ಎರಡನೆಯದಕ್ಕೆ ಜಾಗ ಹುಡುಕಿಕೊಳ್ಳುವ ಹೊಣೆ ನಿಮ್ಮದೇ. ಇಂಗ್ಲಿಷ್‌ಗೆ ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಒಟ್ಟು 7 ಬೇಕು, ಯಾವ ವಿಭಾಗದಲ್ಲೂ 6.5ಕ್ಕಿಂತ ಕಡಿಮೆ ಇರಬಾರದು. ನಮ್ಮವರು ಎಡವುವುದು ಬರವಣಿಗೆಯಲ್ಲಿ.

ಅಲ್ಲಿ ಜನರ ಅಗತ್ಯವಿಲ್ಲವೆಂದಲ್ಲ. ಲಂಡನ್ ಆಂಬ್ಯುಲೆನ್ಸ್ ಸರ್ವಿಸ್ 2014ರಿಂದಾಚೆಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಂದ ನೂರಾರು ಪ್ಯಾರಾಮೆಡಿಕ್‌ಗಳನ್ನು ಕರೆಸಿಕೊಂಡಿತು. ಆ ದೇಶಗಳ ಓದು, ಭಾಷೆ, ಕೆಲಸದ ರೀತಿ ಹತ್ತಿರವಾಗಿದ್ದುದರಿಂದ ಅವರಿಗೆ ದಾರಿ ಸಲೀಸಾಯಿತು. ನಾವು ಅದೇ ಬಾಗಿಲಲ್ಲಿ ಹೋಗಬೇಕಾದರೆ ಆ ಹತ್ತಿರವನ್ನು ಕಾಗದದ ಮೇಲೆ ತೋರಿಸಬೇಕು.

ಬ್ರಿಟನ್ನಿನ ಇನ್ನೊಂದು ತೊಡಕು ಬಹಳ ಜನರಿಗೆ ಕೊನೆಯ ಗಳಿಗೆಯವರೆಗೂ ಗೊತ್ತಿರುವುದಿಲ್ಲ: ಅಲ್ಲಿ ಪೈಲಟ್ ಎಂಬ ಪ್ರತ್ಯೇಕ ಮನುಷ್ಯ ಸಾಮಾನ್ಯವಾಗಿ ಇಲ್ಲ. ಇಬ್ಬರು ಸಿಬ್ಬಂದಿ ಸರದಿಯಂತೆ ಗಾಡಿ ಓಡಿಸುತ್ತಾರೆ. ಅದಕ್ಕೆ ಸಿ1 ದರ್ಜೆಯ ಲೈಸೆನ್ಸ್ ಬೇಕು, ಮೂರೂವರೆ ಟನ್‌ಗಿಂತ ಭಾರವಾದ ಗಾಡಿಗಳದ್ದು. ಭಾರತದ ಲೈಸೆನ್ಸಿನಲ್ಲಿ ಅಲ್ಲಿ ನೆಲೆಸಿದ ಮೇಲೆ 12 ತಿಂಗಳು ಕಾರು ಓಡಿಸಬಹುದು, ಬದಲಾಯಿಸಿಕೊಳ್ಳಲು ಆಗುವುದಿಲ್ಲ. ಮತ್ತೆ ಪರೀಕ್ಷೆ ಬರೆದು, ಓಡಿಸಿ ತೋರಿಸಬೇಕು. ಕಾರು ಓಡಿಸಲೇ ಬಾರದವರು ಹೊರಡುವ ಮುನ್ನ ಇಲ್ಲಿ ಚೆನ್ನಾಗಿ ಕಲಿತುಕೊಳ್ಳಿ. ವಿಶೇಷವಾಗಿ ಹುಡುಗಿಯರಿಗೆ ಇದನ್ನು ಒತ್ತಿ ಹೇಳುತ್ತೇನೆ. ಮನೆಯಲ್ಲಿ ಸ್ಟಿಯರಿಂಗ್ ಕೊಟ್ಟಿರುವುದೇ ಇಲ್ಲ ಅನೇಕರಿಗೆ.

ಆಸ್ಟ್ರೇಲಿಯಾದಲ್ಲಿ 2018ರ ಡಿಸೆಂಬರ್ 1ರಿಂದ, ನ್ಯೂಜಿಲೆಂಡಿನಲ್ಲಿ 2021ರ ಜನವರಿ 1ರಿಂದ ಪ್ಯಾರಾಮೆಡಿಕ್ ನೋಂದಣಿ ಕಡ್ಡಾಯವಾಗಿದೆ. ಮಾದರಿ ಬ್ರಿಟನ್ನಿನದಕ್ಕೆ ಹತ್ತಿರ, ಬಿಗಿ ಅಷ್ಟೇ. ಕೆನಡಾದಲ್ಲಿ ಪ್ರಾಂತ್ಯಕ್ಕೊಂದು ನಿಯಮ. ಅಮೆರಿಕದಲ್ಲಿ 1970ರಲ್ಲಿ ಹುಟ್ಟಿದ ನ್ಯಾಷನಲ್ ರಿಜಿಸ್ಟ್ರಿಯ ಪರೀಕ್ಷೆ, ಅದರ ಮೇಲೆ ರಾಜ್ಯದ ಲೈಸೆನ್ಸ್. ಹೊರಗಿನ ಸರ್ಟಿಫಿಕೇಟನ್ನು ನಂಬಿ ಹೋಗುವುದಕ್ಕಿಂತ ಅಲ್ಲೇ ಮತ್ತೆ ಓದಲು ಸಿದ್ಧರಿರುವವರಿಗೆ, ಅದರಲ್ಲೂ ಈಗಾಗಲೇ ಅಲ್ಲಿ ವಾಸದ ಹಕ್ಕಿರುವವರಿಗೆ, ಅದು ಹೊಂದುವ ದಾರಿ.

ಕಾಗದಪತ್ರದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅರ್ಜಿಗಳು ಸಾಯುವುದು ಇಲ್ಲೇ. ಡೇಟಾಫ್ಲೋ ಎಂದರೆ ನೀವು ಕೊಟ್ಟ ಪ್ರತಿಯನ್ನು ನೋಡಿ ನಂಬುವುದಲ್ಲ, ಅದನ್ನು ಕೊಟ್ಟ ಕಾಲೇಜಿಗೆ, ಕೆಲಸ ಕೊಟ್ಟ ಸಂಸ್ಥೆಗೆ ಅವರೇ ನೇರವಾಗಿ ಬರೆದು "ಇದು ನಿಜವೇ?" ಎಂದು ಕೇಳುವುದು. ಆ ಕಾಗದಕ್ಕೆ ಉತ್ತರ ಬರೆಯುವ ಗುಮಾಸ್ತರೊಬ್ಬರು ನಿಮ್ಮ ಕಾಲೇಜಿನಲ್ಲಿ ಇದ್ದಾರೆಯೇ? ಮೊದಲೇ ಹೋಗಿ ಮಾತಾಡಿಸಿ, ಯಾವ ಇಮೇಲ್ ವಿಳಾಸಕ್ಕೆ ಬಂದರೆ ಉತ್ತರಿಸುತ್ತಾರೆ ಕೇಳಿಕೊಳ್ಳಿ. ಆಂಬ್ಯುಲೆನ್ಸ್ ಸೇವೆಗಳು ಗುತ್ತಿಗೆಯಲ್ಲಿ ನಡೆಯುವುದರಿಂದ ಕಂಪನಿಗಳ ಹೆಸರು ಬದಲಾಗುತ್ತದೆ, ಕಚೇರಿ ಸ್ಥಳಾಂತರವಾಗುತ್ತದೆ, ಎಚ್‌ಆರ್‌ನಲ್ಲಿದ್ದವರು ಬಿಟ್ಟು ಹೋಗುತ್ತಾರೆ. ಆದ್ದರಿಂದ ಅನುಭವ ಪತ್ರವನ್ನು ಕೆಲಸದಲ್ಲಿರುವಾಗಲೇ ಕೇಳಿ ಪಡೆಯಿರಿ. ಅದರಲ್ಲಿ ಹುದ್ದೆಯ ಹೆಸರು, ಸೇರಿದ ಮತ್ತು ಬಿಟ್ಟ ತಾರೀಖು, ಪೂರ್ಣಾವಧಿಯೋ ಅಲ್ಲವೋ, ಯಾವ ಬಗೆಯ ಗಾಡಿ, ಏನೇನು ಕೆಲಸ ಎಂಬುದು ಸ್ಪಷ್ಟವಾಗಿರಲಿ. "ಉತ್ತಮ ನಡತೆಯವರು" ಎಂಬ ಎರಡು ಸಾಲಿನ ಪತ್ರದಿಂದ ಏನೂ ಆಗುವುದಿಲ್ಲ. ಎಚ್‌ಸಿಪಿಸಿಯಂಥವರು ಪಠ್ಯಕ್ರಮದ ವಿವರವನ್ನೂ ಕಾಲೇಜಿನಿಂದಲೇ ಕೇಳುತ್ತಾರೆ. ಯಾವ ವಿಷಯಕ್ಕೆ ಎಷ್ಟು ಗಂಟೆ ಎಂಬ ಸಿಲಬಸ್ ಪ್ರತಿಗೆ ಕಾಲೇಜಿನ ಮೊಹರು ಹಾಕಿಸಿಟ್ಟುಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸೇರಿ, ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್ ಇರುವುದು ನಮ್ಮ ಕಡೆ ಮಾಮೂಲು. ಅದನ್ನು ಅಫಿಡವಿಟ್ ಮಾಡಿಸಿ ಸರಿಪಡಿಸಿಕೊಳ್ಳುವ ಕೆಲಸ ಮೊದಲು ಮುಗಿಸಿ. ಬಿಎಲ್‌ಎಸ್, ಎಸಿಎಲ್‌ಎಸ್ ಎಂಬ ಜೀವರಕ್ಷಣಾ ತರಬೇತಿ ಕಾರ್ಡುಗಳ ಆಯುಷ್ಯ ಎರಡೇ ವರ್ಷ. ಅರ್ಜಿ ನಡುವೆಯೇ ಅವಧಿ ಮುಗಿಯದಂತೆ ನೋಡಿಕೊಳ್ಳಿ.

ಏಜೆಂಟರ ವಿಷಯ. ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿದ ನೇಮಕಾತಿ ಏಜೆಂಟರ ಪಟ್ಟಿ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಅವರು ಕೆಲಸಗಾರರಿಂದ ಪಡೆಯಬಹುದಾದ ಸೇವಾ ಶುಲ್ಕ ₹30,000 ಮತ್ತು ಅದರ ಮೇಲಿನ ಜಿಎಸ್‌ಟಿ, ಅಷ್ಟೇ. ಲಕ್ಷಗಳ ಮಾತು ಶುರುವಾದರೆ ಎದ್ದು ಬನ್ನಿ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಲೈಸೆನ್ಸ್ ಮಾಡಿಸಿಕೊಳ್ಳೋಣ ಎನ್ನುವವರ ಜೊತೆಗಂತೂ ಚಹಾ ಕೂಡ ಕುಡಿಯಬೇಡಿ.

ಕೆಲಸ ಸಿಕ್ಕ ಮೇಲಿನ ಮೊದಲ ತಿಂಗಳುಗಳಲ್ಲಿ ಹಿರಿಯರೊಬ್ಬರ ಜೊತೆ ಮೂರನೆಯವರಾಗಿ ಗಾಡಿಯಲ್ಲಿ ಕೂರಿಸುತ್ತಾರೆ. ಇಲ್ಲಿ ಗಾಡಿಯ ಪೂರ್ತಿ ಹೊಣೆ ಹೊತ್ತು ಬಂದವರಿಗೆ ಇದು ಇರಿಸುಮುರಿಸು. ಸುಮ್ಮನೆ ಕೂತು ನೋಡಿ. ಆಸ್ಪತ್ರೆಗೆ ರೋಗಿಯನ್ನು ಒಪ್ಪಿಸುವಾಗ ಅವರು ಒಂದು ನಿಗದಿತ ಕ್ರಮದಲ್ಲಿ, ಮೂವತ್ತು ನಲವತ್ತು ಸೆಕೆಂಡಿನಲ್ಲಿ ಹೇಳಿ ಮುಗಿಸುತ್ತಾರೆ: ವಯಸ್ಸು, ಘಟನೆಯ ಹೊತ್ತು, ಆದದ್ದು ಹೇಗೆ, ಕಂಡ ಗಾಯಗಳು, ನಾಡಿ ಉಸಿರಿನ ಅಂಕಿಗಳು, ಕೊಟ್ಟ ಚಿಕಿತ್ಸೆ. ಇದನ್ನು ಇಂಗ್ಲಿಷಿನಲ್ಲಿ ತಡವರಿಸದೆ ಹೇಳಲು ಇಲ್ಲಿಂದಲೇ ಅಭ್ಯಾಸ ಮಾಡಬಹುದು. ಇಲ್ಲಿನ ಡ್ಯೂಟಿ ಡಾಕ್ಟರ್ ಕೇಳಿಸಿಕೊಳ್ಳದಿದ್ದರೂ ಹೇಳಿ.

ಇನ್ನೊಂದು ಕೆಲಸವನ್ನು ಇವತ್ತಿನ ಡ್ಯೂಟಿಯಿಂದಲೇ ಶುರುಮಾಡಬಹುದು. ರೋಗಿಯ ವಿವರ ಬರೆಯುವ ಪಿಸಿಆರ್ ಹಾಳೆಯ ಫೋಟೊ ತೆಗೆದಿಟ್ಟುಕೊಳ್ಳಬೇಡಿ, ಅದು ರೋಗಿಯ ಖಾಸಗಿ ಮಾಹಿತಿ. ಬದಲಿಗೆ ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಊರು, ಫೋನ್ ನಂಬರ್ ಇಲ್ಲದೆ ಬರೆಯಿರಿ: ತಾರೀಖು, ರೋಗಿಯ ವಯಸ್ಸಿನ ಅಂದಾಜು, ಏನು ಕಂಡಿತು, ಏನು ಮಾಡಿದಿರಿ, ಇಆರ್‌ಸಿಪಿ ಏನು ಹೇಳಿದರು. ಕೊನೆಗೆ ಒಂದು ಕಾಲಂ ಬಿಟ್ಟುಕೊಂಡು, ಫೋನ್ ಸಿಗದಿದ್ದರೆ ನೀವೇ ಏನು ನಿರ್ಧರಿಸುತ್ತಿದ್ದಿರಿ, ಏಕೆ ಎಂದು ಎರಡು ಸಾಲು ಬರೆಯಿರಿ. ತಿಂಗಳಿಗೊಮ್ಮೆ ಅದನ್ನು ಪರಿಚಯದ ಎಮರ್ಜೆನ್ಸಿ ವೈದ್ಯರೊಬ್ಬರಿಗೆ ತೋರಿಸಿ, ಆ ಕಾಲಂನಲ್ಲಿ ತಪ್ಪಿದ್ದಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿಸಿಕೊಳ್ಳಿ.