ಕನ್ನಡಕದೊಳಗಿನ ಲೋಕ

ಗಣಕಯಂತ್ರವು ರಚಿಸಿದ ಚಿತ್ರಗಳನ್ನು ಎರಡು ಕಣ್ಣುಗಳಿಗೂ ಪ್ರತ್ಯೇಕವಾಗಿ ತೋರಿಸಿ, ನೋಡುವವನಿಗೆ ತಾನು ಅಲ್ಲಿಯೇ ನಿಂತಿರುವೆನೆಂಬ ಭಾವನೆಯನ್ನುಂಟುಮಾಡುವ ಉಪಾಯಕ್ಕೆ ವರ್ಚುವಲ್ ರಿಯಾಲಿಟಿ, ಎಂದರೆ ಮಿಥ್ಯಾವಾಸ್ತವ, ಎಂದು ಹೆಸರು. ಅಮೆರಿಕದ ಐವಾನ್ ಸದರ್ಲ್ಯಾಂಡರು 1968ರಲ್ಲಿ ಪ್ರಕಟಪಡಿಸಿದ ತಲೆಯುಡುಗೆಯನ್ನು ಛಾವಣಿಗೆ ಬಿಗಿದ ಸಲಾಕೆಗೆ ಜೋಡಿಸಬೇಕಾಗಿತ್ತು; ಇಂದು ಅದನ್ನು ದೊಡ್ಡ ಕನ್ನಡಕದಂತೆ ಕಟ್ಟಿಕೊಳ್ಳಬಹುದು. ಇದನ್ನು ಧರಿಸಿ ಒಂದೇ ಕೆಲಸಕ್ಕೆ ತೊಡಗಿದ ಇಬ್ಬರಲ್ಲಿ ಒಬ್ಬನು ಸರಾಗವಾಗಿ ಮುಗಿಸುತ್ತಾನೆ, ಮತ್ತೊಬ್ಬನು ತಲೆತಿರುಗಿ ಕುಳಿತುಬಿಡುತ್ತಾನೆ. ಎರಡನೆಯವನನ್ನು ದಡ್ಡನೆನ್ನುವ ಮುನ್ನ ಕಾರಣಗಳನ್ನು ವಿಚಾರಿಸೋಣ.

ನಮ್ಮ ದೇಹದ ಸಮತೋಲವನ್ನು ತಿಳಿಸುವ ಅಂಗವು ಒಳಕಿವಿಯಲ್ಲಿದೆ. ಘಟ್ಟದ ದಾರಿಯ ಬಸ್ಸಿನಲ್ಲಿ ಪುಸ್ತಕ ಓದಿದವರಿಗೆ ಹೊಟ್ಟೆ ತೊಳಸುವುದೇಕೆ? ಕಿವಿಯು ‘ಚಲಿಸುತ್ತಿದ್ದೇನೆ’ ಎನ್ನುತ್ತದೆ, ಪುಟದ ಮೇಲಿನ ಕಣ್ಣು ‘ಇಲ್ಲ’ ಎನ್ನುತ್ತದೆ. ಮಿಥ್ಯಾವಾಸ್ತವದಲ್ಲಿ ಇದು ತಿರುಗುಮುರುಗು: ಕಣ್ಣು ಓಡುತ್ತದೆ, ದೇಹವು ಕುರ್ಚಿಯಲ್ಲಿದೆ. ತಲೆ ತಿರುಗಿಸಿದೊಡನೆ ಚಿತ್ರವೂ ತಿರುಗದೆ ತುಸು ಹಿಂದೆ ಬಿದ್ದರೆ ಕಷ್ಟವು ಇಮ್ಮಡಿ. ಈ ವಿಳಂಬವು ಸೆಕೆಂಡಿನ ಐವತ್ತನೆಯ ಒಂದು ಪಾಲನ್ನು ಮೀರಬಾರದೆಂದು ಯಂತ್ರ ನಿರ್ಮಿಸುವವರು ಸಾಮಾನ್ಯವಾಗಿ ಗುರಿಯಿಟ್ಟುಕೊಳ್ಳುತ್ತಾರೆ.

ಮಸೂರಗಳ ಅಂತರವು ಇನ್ನೊಂದು ಕಾರಣ. ವಯಸ್ಕರ ಎರಡು ಕಣ್ಣುಪಾಪೆಗಳ ನಡುವಿನ ದೂರ ಸರಾಸರಿ ಸುಮಾರು 63 ಮಿಲಿಮೀಟರ್. ಸ್ತ್ರೀಯರಲ್ಲಿ ಕೊಂಚ ಕಡಿಮೆ, ಮಕ್ಕಳಲ್ಲಿ ಇನ್ನೂ ಕಡಿಮೆ. ಈ ಯಂತ್ರಗಳು ಹೆಂಗಸರಿಗೆ ಒಗ್ಗುವುದಿಲ್ಲವೆಂಬ ಮಾತು ಬಹುಕಾಲ ನಡೆದಿತ್ತು. 2020ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಸಂಶೋಧನೆಯಲ್ಲಿ, ಮಸೂರಗಳು ಕಣ್ಣಿಗೆ ಸರಿಹೊಂದಿದಾಗ ಸ್ತ್ರೀಯರಿಗೂ ಪುರುಷರಷ್ಟೇ ತೊಂದರೆಯಾಯಿತು, ಹೆಚ್ಚಲ್ಲ. ದೋಷವು ಅಳತೆಯದಾಗಿತ್ತು, ಹೆಣ್ಣಿನದಲ್ಲ! ಹೆಣ್ಣುಮಕ್ಕಳ ತಂದೆತಾಯಿಗಳು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ನಾವು ಬಯಸುತ್ತೇವೆ.

ಎಲ್ಲಕ್ಕಿಂತ ಮಿಗಿಲಾದದ್ದು ಅಭ್ಯಾಸ. ಮೊದಲ ದಿನ ಹತ್ತು ನಿಮಿಷವೂ ತಾಳಲಾರದವರು, ಸ್ವಲ್ಪಸ್ವಲ್ಪವಾಗಿ ದಿನ ಬಿಟ್ಟು ದಿನ ಧರಿಸಿದರೆ, ಸಾಮಾನ್ಯವಾಗಿ ಒಗ್ಗಿಕೊಳ್ಳುತ್ತಾರೆ.

ಹಾಗಾದರೆ ಅಲ್ಲಿ ಕಲಿತದ್ದು ನಿಜಜೀವನದಲ್ಲಿ ಉಪಯೋಗಕ್ಕೆ ಬರುವುದೇ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಒಂದು ಪರೀಕ್ಷೆಯ ಫಲವು 2002ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ 16 ಮಂದಿ ವೈದ್ಯರಲ್ಲಿ ಅರ್ಧದಷ್ಟು ಜನರಿಗೆ ಮಾತ್ರ ಇಂಥ ಯಂತ್ರದಲ್ಲಿ ಹೆಚ್ಚಿನ ತರಬೇತಿಯಿತ್ತರು. (ಆ ಯಂತ್ರ ತಲೆಯುಡುಗೆಯಲ್ಲ, ತೆರೆಯೊಂದೂ ಉಪಕರಣದ ಹಿಡಿಗಳೂ ಇದ್ದುದು.) ಆಮೇಲೆ ನಿಜವಾದ ರೋಗಿಗಳ ಪಿತ್ತಕೋಶವನ್ನು ಬಿಡಿಸುವಾಗ ತರಬೇತಿ ಪಡೆದವರು ಶೇಕಡಾ 29ರಷ್ಟು ಬೇಗ ಮುಗಿಸಿದರು, ತಪ್ಪುಗಳೂ ಬಹಳ ಕಡಿಮೆಯಾದವು. ಆ ತರಬೇತಿಗೆ ಇಷ್ಟೇ ಗಂಟೆಗಳೆಂಬ ಮಿತಿಯಿರಲಿಲ್ಲ. ನುರಿತ ಶಸ್ತ್ರವೈದ್ಯರ ಮಟ್ಟವನ್ನು ಮುಟ್ಟುವವರೆಗೆ ಪ್ರತಿಯೊಬ್ಬರೂ ಅಭ್ಯಾಸ ಮಾಡಬೇಕಾಗಿತ್ತು; ಗಂಟೆ ಬಾರಿಸಿ ಪಾಠ ನಿಲ್ಲಿಸುವ ನಮ್ಮಂಥವರಿಗೆ ಈ ಏರ್ಪಾಡೇ ಆ ಯಂತ್ರಕ್ಕಿಂತ ಹೆಚ್ಚು ಸೋಜಿಗವಾಗಿ ತೋರುತ್ತದೆ.