ಸೈಕಲ್ ಸವಾರನ ಸ್ಥಾನ

ಬಸವನಗುಡಿಯಿಂದ ಕೆ. ಆರ್. ಸರ್ಕಲ್ಲಿನ ಸಮೀಪದಲ್ಲಿರುವ ನಮ್ಮ ಕಾಲೇಜಿಗೆ ಸುಮಾರು 5 ಕಿಲೋಮೀಟರು. ಈ ದೂರವನ್ನು ನಾನು ದಿನಂಪ್ರತಿ ಸೈಕಲ್ಲಿನ ಮೇಲೆಯೇ ಕ್ರಮಿಸುತ್ತೇನೆ. ಈ ವರ್ಷ ಕೆಲವರು ವಿದ್ಯಾರ್ಥಿಗಳೂ ಸೈಕಲ್ಲು ತರತೊಡಗಿದ್ದಾರೆ. ಸಂತೋಷವೇ ಸರಿ. ಆದರೆ ಅವರಲ್ಲಿ ಬಹುಮಂದಿ ರಸ್ತೆಯ ತೀರ ಎಡ ಅಂಚಿಗೆ ಅಂಟಿಕೊಂಡು, ಚರಂಡಿಯ ಕಲ್ಲಿಗೂ ಚಕ್ರಕ್ಕೂ ಗೇಣು ಅಂತರವಿರುವಂತೆ ಬರುವುದನ್ನು ಕಂಡಾಗ ನನಗೆ ದಿಗಿಲಾಗುತ್ತದೆ. "ಅಂಚಿನಲ್ಲೇ ಹೋಗಪ್ಪ, ದೊಡ್ಡ ಗಾಡಿಗಳಿಗೆ ದಾರಿ ಬಿಡು" ಎಂಬುದು ಮನೆಯ ಹಿರಿಯರ ಬುದ್ಧಿವಾದ. ಅಕ್ಕರೆಯಿಂದ ಹೇಳಿದ ಈ ಮಾತನ್ನು ಅಕ್ಷರಶಃ ಪಾಲಿಸುವುದು ಏಕೆ ಅಪಾಯಕರವೆಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಮೊದಲು ಸೈಕಲ್ಲು ತಿರುಗುವ ಬಗೆಯನ್ನು ನೋಡೋಣ. ಬಲಕ್ಕೆ ಹೋಗಲು ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದರಾಯಿತೆಂದು ನಾವೆಲ್ಲ ಭಾವಿಸಿದ್ದೇವೆ. ವಾಸ್ತವವಾಗಿ, ಓಡುತ್ತಿರುವ ಸೈಕಲ್ಲು ಬಲಕ್ಕೆ ತಿರುಗಬೇಕಾದರೆ ಮೊದಲು ಬಲಕ್ಕೆ ವಾಲಬೇಕು. ಹಾಗೆ ವಾಲಬೇಕಾದರೆ ಚಕ್ರವು ಕ್ಷಣಕಾಲ ಎಡಕ್ಕೆ ಸರಿಯಬೇಕು. ಕೈ ತಾನಾಗಿ ಮಾಡುವ ಈ ಕೆಲಸ ಸವಾರನ ಅರಿವಿಗೆ ಬರುವುದೇ ಇಲ್ಲ. ವಿಮಾನವನ್ನು ನಿರ್ಮಿಸಿದ ರೈಟ್ ಸಹೋದರರು ಅಮೆರಿಕದ ಡೇಟನ್ ನಗರದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು. ಅವರಲ್ಲಿ ಹಿರಿಯನಾದ ವಿಲ್ಬರ್ ಅನೇಕ ಸವಾರರನ್ನು ಈ ಬಗ್ಗೆ ಕೇಳಿ, ತಾವು ಮಾಡುವುದೇನೆಂಬುದು ಅವರಿಗೇ ತಿಳಿಯದೆಂದು ಕಂಡುಕೊಂಡಿದ್ದನು. ಈಗ ಇದನ್ನು ನಮ್ಮ ಅಂಚಿಗೆ ಅನ್ವಯಿಸಿ. ಎಡಗಡೆಯ ಕಲ್ಲಿನಿಂದ ದೂರ ಸರಿಯಬೇಕಾದರೆ ಚಕ್ರವು ಮೊದಲು ಕಲ್ಲಿನ ಕಡೆಗೇ ತುಸು ಸರಿಯಬೇಕು. ಅದಕ್ಕೆ ಎಡೆಯಿಲ್ಲದಾಗ ಚಕ್ರ ಕಲ್ಲಿಗೆ ಉಜ್ಜಿ ಸವಾರ ಆಯ ತಪ್ಪುತ್ತಾನೆ. ಎತ್ತ ಬೀಳುವನೆಂಬುದು ಆಗ ಅವನ ಕೈಯಲ್ಲಿರುವುದಿಲ್ಲ.

ಇದರ ಮೇಲೆ ಮರಳು, ಗಾಜಿನ ಚೂರು, ಬಾಯಿ ತೆರೆದ ಚಪ್ಪಡಿಗಳು ಇರುವುದೂ ಅಂಚಿನಲ್ಲಿಯೇ. ಇನ್ನೊಂದು ಸೂಕ್ಷ್ಮವೂ ಉಂಟು. ಅಂಚಿನಲ್ಲಿರುವವನನ್ನು ಕಂಡ ಮೋಟಾರು ಚಾಲಕನು, ಜಾಗವಿಲ್ಲದ ಕಡೆಯೂ ಜಾಗವಿದೆಯೆಂದು ಬಗೆದು ಅವನನ್ನು ಒತ್ತರಿಸಿಕೊಂಡು ಮುಂದೆ ಹೋಗುತ್ತಾನೆ. ಅಂಚಿನಿಂದ ಸುಮಾರು ಒಂದು ಮೀಟರು ಈಚೆಗಿದ್ದವನ ಹಿಂದೆ ಅವನೇ ವೇಗ ತಗ್ಗಿಸಿ, ಬಲಕ್ಕೆ ಸರಿದು ಹೋಗಬೇಕಾಗುತ್ತದೆ. ಬೈಗುಳ ಒಂದೆರಡು ಕೇಳಿಬರಬಹುದು, ಕೇಳಲಿ! ಬೈಯುವವನು ನಮ್ಮನ್ನು ನೋಡಿದ್ದಾನೆಂಬುದಂತೂ ನಿಶ್ಚಯ. ರಸ್ತೆ ಅಗಲವಾದೊಡನೆ ಸರಿದು ದಾರಿ ಕೊಡುವುದು ಸೌಜನ್ಯ. ಆದರೆ ಇದು ನಗರದೊಳಗಿನ ನಿಧಾನದ ರಸ್ತೆಗಳಿಗೆ ಹೇಳಿದ ಮಾತು. ವಾಹನಗಳು ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಧಾವಿಸುವ ಹೆದ್ದಾರಿಯಲ್ಲಿ ಈ ಯುಕ್ತಿ ಸಾಲದು. ಅಲ್ಲಿ ಸುತ್ತಾದರೂ ಒಳದಾರಿಯನ್ನು ಹಿಡಿಯುವುದೇ ಲೇಸು.

ನಿಂತ ಕಾರುಗಳ ಪಕ್ಕದಲ್ಲಿ ಒಂದು ಮೀಟರೂ ಕಡಿಮೆಯೇ. ಒಳಗಿರುವವರು ಹಿಂದೆ ನೋಡದೆ ಬಾಗಿಲು ತೆರೆಯುತ್ತಾರೆ. ಎರಡು ಕಾರುಗಳ ನಡುವಿನ ತೆರಪಿಗೆ ನುಸುಳಿ ಮತ್ತೆ ಹೊರಬರುವ ಹಾವಿನ ನಡೆಯೂ ಬೇಡ. ಹಿಂದಿನವರಿಗೆ ನೀವು ಒಮ್ಮೆ ಮರೆಯಾಗಿ ಥಟ್ಟನೆ ಎದುರಾಗುತ್ತೀರಿ. ಬಲಕ್ಕೆ ಸರಿಯುವ ಮುನ್ನ ಹೆಗಲ ಮೇಲಿಂದ ಹಿಂದೆ ನೋಡಿ, ಕೈ ಚಾಚಿ, ಆಮೇಲೆ ಸರಿಯಿರಿ. ಹಿಂತಿರುಗಿ ನೋಡುವಾಗ ಕತ್ತಿನೊಡನೆ ಹ್ಯಾಂಡಲೂ ತಿರುಗುವುದು ಹೊಸಬರಿಗೆ ಸಹಜ. ಭಾನುವಾರ ಖಾಲಿ ಮೈದಾನದಲ್ಲಿ ಇದನ್ನು ಅಭ್ಯಾಸ ಮಾಡಬೇಕು.

ಬಸ್ಸಿನ ಎಡಗಡೆ ನುಗ್ಗುವುದನ್ನು ನಾನು ಸರ್ವಥಾ ಒಪ್ಪುವುದಿಲ್ಲ. ಉದ್ದದ ವಾಹನ ಎಡಕ್ಕೆ ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಬರುವುದಿಲ್ಲ. ಇನ್ನೂ ಒಳಗೆ, ನೀವಿರುವ ಕಡೆಗೇ ಬರುತ್ತವೆ. ಬಸ್ಸಿನ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ಆ ಕನ್ನಡಿಯಲ್ಲಿ ನಿಮ್ಮ ಮುಖವೂ ಅವನಿಗೆ ಕಾಣದು.

ಬ್ರೇಕಿನ ವಿಷಯ. ಗಂಟೆಗೆ 15 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 4 ಮೀಟರಿಗೂ ಹೆಚ್ಚು. ಅಪಾಯವನ್ನು ಕಂಡು ಬೆರಳು ಬಿಗಿಯುವುದರೊಳಗೆ ಒಂದು ಸೆಕೆಂಡು ಕಳೆದರೆ ಅಷ್ಟು ದೂರ ಹೋಗಿಯೇ ಬಿಟ್ಟಿರುತ್ತೇವೆ. ಮುಂದಿನ ಬ್ರೇಕು ಹಿಡಿದರೆ ಮುಗ್ಗರಿಸುತ್ತೇವೆಂಬ ಭಯದಿಂದ ಅನೇಕರು ಹಿಂದಿನದನ್ನೇ ಹಿಡಿಯುತ್ತಾರೆ. ನಿಲ್ಲುವಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುವುದರಿಂದ ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ. ಗಾಡಿಯನ್ನು ಹೆಚ್ಚಾಗಿ ನಿಲ್ಲಿಸುವುದು ಮುಂದಿನ ಬ್ರೇಕೇ. ಎರಡನ್ನೂ ಕೂಡಿಸಿ, ಮುಂದಿನದನ್ನು ಕ್ರಮವಾಗಿ ಬಿಗಿಸುತ್ತ ಹಿಡಿಯಬೇಕು. ಮಳೆಯಲ್ಲಿ ರಿಮ್ಮು ಒದ್ದೆಯಾಗಿರುವುದರಿಂದ ಇನ್ನೂ ಮುಂಚಿತವಾಗಿ ಹಿಡಿಯಬೇಕು. ನೀರು ನಿಂತ ಗುಂಡಿಯ ಆಳವನ್ನು ಚಕ್ರದಿಂದ ಪರೀಕ್ಷಿಸಲು ಹೋಗಬೇಡಿ.

ಸಂಜೆಗೆ ಮುಂದೆ ಬಿಳಿಯ, ಹಿಂದೆ ಕೆಂಪು ದೀಪ ಬೇಕು. ಪ್ರತಿಫಲಕವು ಬೇರೊಬ್ಬರ ಬೆಳಕು ತನ್ನ ಮೇಲೆ ಬಿದ್ದಾಗ ಮಾತ್ರ ಹೊಳೆಯುತ್ತದೆ. ಅಡ್ಡರಸ್ತೆಯಿಂದ ಬರುವವನಿಗೆ ಅದು ಕಾಣದೆ ಹೋಗಬಹುದು. ಇನ್ನು ಬೆಲ್ಲು. ಹಾರನ್ನುಗಳ ಗದ್ದಲದಲ್ಲಿ ಅದು ಮೋಟಾರಿನವರಿಗೆ ಕೇಳಿಸುವುದಿಲ್ಲ. ಫುಟ್‌ಪಾತಿನಿಂದ ಇಳಿದು ರಸ್ತೆ ದಾಟುವವರಿಗೆ ಮಾತ್ರ ಕೇಳಿಸುತ್ತದೆ, ಅವರಿಗಾಗಿಯೇ ನಾನು ಅದನ್ನು ಇಟ್ಟುಕೊಂಡಿದ್ದೇನೆ.