ಬೆಳಕು ಚುಚ್ಚುವುದೇಕೆ?



ಮಟಮಟ ಮಧ್ಯಾಹ್ನ ಕತ್ತಲೆ ಕೋಣೆಯಿಂದ ಅಂಗಳಕ್ಕೆ ಬಂದಿದ್ದೀರಾ? ಆಗ ಕಣ್ಣು ಕೋರೈಸುತ್ತದೆ, ರೆಪ್ಪೆಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಸ್ವಲ್ಪ ಹೊತ್ತಿಗೆ ಎಲ್ಲವೂ ಸರಿಯಾಗುತ್ತದೆ. ಆದರೆ ಕೆಲವರಿಗೆ ಸರಿಯಾಗುವುದೇ ಇಲ್ಲ. ದಿನವಿಡೀ ಬೆಳಕು ಸೂಜಿಯಂತೆ ಚುಚ್ಚುತ್ತದೆ.

ನಾನು ಭೇಟಿ ನೀಡಿದ ಶಾಲೆಯೊಂದರಲ್ಲಿ ಆರನೆಯ ತರಗತಿಯ ಹುಡುಗನೊಬ್ಬ ಬೆಳಗಿನ ಪ್ರಾರ್ಥನೆಯಲ್ಲಿ ಸದಾ ತಲೆ ತಗ್ಗಿಸಿ ನಿಲ್ಲುತ್ತಿದ್ದ. ತರಗತಿಯಲ್ಲಿ ಕಣ್ಣು ಉಜ್ಜುತ್ತಿದ್ದ. ಗೆಳೆಯರು ಅವನನ್ನು ‘ಗೂಬೆ’ ಎಂದು ಕರೆಯುತ್ತಿದ್ದರು. ಏನಾಗಿದೆ ಎಂದು ಕೇಳಿದೆ. “ಬ್ಯಾಸಗಿ ಬಂದ್ರ ಕಣ್ಣು ಕೆರೀತಾವ್ರಿ ಸರ. ಅಂಗಡ್ಯಾಗಿನ ಹನಿ ಹಾಕಿದ್ರ ಎರಡು ದಿನ ಆರಾಮ ಇರ್ತೈತ್ರಿ, ಮತ್ತ ಶುರು ಆಗ್ತೈತಿ” ಎಂದ. ಅವನ ಕಣ್ಣಿಗೆ ಏನಾಗಿತ್ತು? ಮೊದಲು ಒಂದು ಪ್ರಯೋಗ ಮಾಡೋಣ.

ಮಾಡಿ ನೋಡಿ

ಕಿಟಕಿಯ ಬಳಿ ಕನ್ನಡಿ ಹಿಡಿದು ಕುಳಿತುಕೊಳ್ಳಿ. ಎರಡೂ ಕಣ್ಣುಗಳನ್ನು ಅಂಗೈಯಿಂದ ಒಂದು ನಿಮಿಷ ಮುಚ್ಚಿ. ಕೈ ತೆಗೆದ ಕೂಡಲೇ ಕನ್ನಡಿ ನೋಡಿ. ಕಣ್ಣಿನ ನಡುವಿನ ಕಪ್ಪು ಚುಕ್ಕೆ ಸರ್ರನೆ ಕಿರಿದಾಗುತ್ತದೆ. ಇದೇ ಪಾಪೆ. (ಎಚ್ಚರಿಕೆ: ಸೂರ್ಯನನ್ನಾಗಲಿ ಲೇಸರ್ ಬೆಳಕನ್ನಾಗಲಿ ನೋಡಲೇಬಾರದು.)

ಪಾಪೆ ಒಂದು ರಂಧ್ರ. ಅದರ ಸುತ್ತಲಿನ ಬಣ್ಣದ ಪರದೆ ಐರಿಸ್. ಪಾಪೆಯ ವ್ಯಾಸ ಪ್ರಖರ ಬೆಳಕಿನಲ್ಲಿ ಸುಮಾರು 2 ಮಿ.ಮೀ., ಕತ್ತಲೆಯಲ್ಲಿ ಸುಮಾರು 8 ಮಿ.ಮೀ. ಇರಬಲ್ಲದು. ವ್ಯಾಸ 4 ಪಟ್ಟಾದರೆ ವಿಸ್ತೀರ್ಣ 16 ಪಟ್ಟು! ಆದರೆ ನಡುಹಗಲ ಬಯಲಿನ ಬೆಳಕು ಕೋಣೆಯ ಬೆಳಕಿಗಿಂತ ನೂರಾರು ಪಟ್ಟು ಹೆಚ್ಚು. ಉಳಿದ ಹೊಂದಾಣಿಕೆಯನ್ನು ಕಣ್ಣಿನ ಹಿಂಬದಿಯ ಅಕ್ಷಿಪಟಲ ಮಾಡುತ್ತದೆ. ಬೆಳಕಿಗೆ ಹೊಂದಿಕೊಳ್ಳಲು ಅದಕ್ಕೆ ಕೆಲವೇ ನಿಮಿಷ ಸಾಕು. ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು.

ನೋವು ಎಲ್ಲಿಂದ?

ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಕಾರ್ನಿಯಾ. ಅದರಲ್ಲಿ ರಕ್ತನಾಳಗಳಿಲ್ಲ, ಆದರೆ ನೋವು ತಿಳಿಸುವ ನರತುದಿಗಳು ದಟ್ಟವಾಗಿವೆ. ಭತ್ತದ ಹೊಟ್ಟು ಗೀಚಿದರೆ, ಸೋಂಕು ಅಥವಾ ಅಲರ್ಜಿಯಾದರೆ ಅವು ಕೆರಳುತ್ತವೆ. ಆಗ ಸಾಮಾನ್ಯ ಬೆಳಕೂ ನೋವಾಗುತ್ತದೆ. ಕೆಂಗಣ್ಣು, ದಡಾರ, ಅರೆತಲೆನೋವು ಇದ್ದಾಗಲೂ ಹೀಗಾಗಬಹುದು. ಹುಟ್ಟಿನಿಂದ ಮೆಲನಿನ್ ವರ್ಣಕ ತೀರಾ ಕಡಿಮೆ ಇರುವವರಲ್ಲಿ ಐರಿಸ್ ಬೆಳಕನ್ನು ಚೆನ್ನಾಗಿ ತಡೆಯಲಾರದು. ಅವರಿಗೂ ಬಿಸಿಲು ಕಷ್ಟ.

ನಮ್ಮ ಹುಡುಗನನ್ನು ತಂದೆ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದರು. ಅದು ಅಲರ್ಜಿ ಎಂದು ತಿಳಿಯಿತು. ಬಿಸಿಲು, ಧೂಳು ಹೆಚ್ಚಿರುವ ಕಡೆ ಮಕ್ಕಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ದೊಡ್ಡವರಾದಂತೆ ಹೆಚ್ಚಿನವರಲ್ಲಿ ಕಡಿಮೆಯಾಗುತ್ತದೆ.

ಅಂಗಡಿಯ ಹನಿಯ ವಿಷಯವೇನು? ಕೆಲವು ಹನಿಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದರಿಂದ ತುರಿಕೆ ಬೇಗ ನಿಲ್ಲುತ್ತದೆ, ನಿಜ. ಆದರೆ ವೈದ್ಯರ ತಪಾಸಣೆ ಇಲ್ಲದೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒಳಗಿನ ಒತ್ತಡ ಏರಿ ದೃಷ್ಟಿನರ ಹಾಳಾಗಬಹುದು. ಇದೇ ಗ್ಲಾಕೋಮ. ಹೀಗೆ ಹೋದ ದೃಷ್ಟಿ ಮರಳಿ ಬಾರದು. ಸೊಪ್ಪಿನ ರಸ, ಹರಳೆಣ್ಣೆ, ಎದೆಹಾಲು ಹಾಕುವುದೂ ಅಪಾಯ.

ಹೀಗೆ ಮಾಡಿ

* ಬಿಸಿಲಿಗೆ ಹೋಗುವಾಗ ಅಂಚಿರುವ ಟೋಪಿ ಹಾಕಿ ಅಥವಾ ಕೊಡೆ ಹಿಡಿಯಿರಿ.
* ತರಗತಿಯಲ್ಲಿ ಕಿಟಕಿ ಬೆನ್ನಿಗಿರುವಂತೆ ಕುಳಿತುಕೊಳ್ಳಿ.
* ಕಣ್ಣು ಉಜ್ಜಬೇಡಿ. ಶುಭ್ರವಾದ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಮುಚ್ಚಿದ ರೆಪ್ಪೆಯ ಮೇಲಿಡಿ.
* ಕಪ್ಪು ಕನ್ನಡಕ ಹೊರಗೆ ಸರಿ. ಮನೆಯೊಳಗೂ ಸದಾ ಹಾಕಿಕೊಂಡರೆ ಕಣ್ಣು ಕತ್ತಲೆಗೆ ಒಗ್ಗಿ, ಬೆಳಕು ಇನ್ನಷ್ಟು ಚುಚ್ಚುತ್ತದೆ.
* ನೋವು, ಕೆಂಪು, ಮಂಜು ಕಂಡರೆ ಅಥವಾ ಪೆಟ್ಟಾದರೆ ಅಂದೇ ವೈದ್ಯರಿಗೆ ತೋರಿಸಿ.

ಆ ಹುಡುಗ ಈಗ ಟೋಪಿ ಹಾಕಿಕೊಂಡೇ ಪ್ರಾರ್ಥನೆಗೆ ನಿಲ್ಲುತ್ತಾನೆ. ಅವನ ಗೆಳೆಯರೇ ಅವನಿಗೆ ನೆರಳಿನ ಜಾಗ ಬಿಟ್ಟುಕೊಟ್ಟಿದ್ದಾರೆ. ನಿಮ್ಮ ತರಗತಿಯಲ್ಲಿ ಯಾರಾದರೂ ಕಣ್ಣು ಕಿರಿದಾಗಿಸಿ ಕುಳಿತಿದ್ದರೆ ಅಡ್ಡಹೆಸರು ಇಡಬೇಡಿ. ಗುರುಗಳಿಗೆ ತಿಳಿಸಿ.

ಯೋಚಿಸಿ: ಬೆಕ್ಕಿನ ಪಾಪೆ ಹಗಲಿನಲ್ಲಿ ಯಾವ ಆಕಾರದಲ್ಲಿರುತ್ತದೆ? ರಾತ್ರಿ ಹೇಗಿರುತ್ತದೆ? ಗಮನಿಸಿ ಚಿತ್ರ ಬರೆಯಿರಿ.